ಸ್ಪೆಲ್ಲೋ ಗುಡ್ಡದ ಹಾದಿ, ನಾನು ಉಣ್ಣದ ಅನ್ನ

ಆಗಿದ್ದಾಯಿತು, ಜೀವ ಉಳಿಯಿತಲ್ಲ, ಇನ್ನು ಮರೆತುಬಿಡು ಎಂದು ಹೇಳುವವರು ನನ್ನ ಸುತ್ತ ಬಹಳ ಜನ ಇದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಮರೆಯುವುದಕ್ಕೆ ನನಗೇನೂ ಅಡ್ಡಿಯಿಲ್ಲ. ಆದರೆ ಇವತ್ತೂ ಯಾವುದೋ ಊರಿನ ಕ್ಲಿನಿಕ್ಕಿನಲ್ಲಿ ನಮ್ಮವರೊಬ್ಬರು ಕೂತು, ತಾನು ತಿಂದಿದ್ದು ಇಷ್ಟೇ ಎಂದು ಹೇಳುತ್ತಿರುತ್ತಾರೆ, ಎದುರಿಗೆ ಕೂತವರು ನಂಬದೆ ಮುಗುಳ್ನಗುತ್ತಿರುತ್ತಾರೆ ಎಂಬುದು ನನಗೆ ಗೊತ್ತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ದಾವಣಗೆರೆಯವಳು, ಹೆಸರು ರೇಣುಕಾ. ಫುಡ್ ಟೆಕ್ನಾಲಜಿ ಓದಲು ನ್ಯೂಜಿಲೆಂಡಿಗೆ ಬಂದು, ಓದು ಮುಗಿದ ಮೇಲೆ ಟೌರಂಗಾದಲ್ಲಿ ಕೆಲಸ ಸಿಕ್ಕಿ ಇಲ್ಲೇ ಉಳಿದೆ. ಕಿವಿಹಣ್ಣು ವಿಂಗಡಿಸಿ ಪೆಟ್ಟಿಗೆಗೆ ತುಂಬುವ ಪ್ಯಾಕ್‌ಹೌಸಿನ ಲ್ಯಾಬಿನಲ್ಲಿ ಹಣ್ಣಿನ ಗಟ್ಟಿತನ, ಸಿಹಿ ಅಳೆಯುವುದು ನನ್ನ ಕೆಲಸ. ಗಂಡ ಬಸವರಾಜ ಗದಗಿನವರು, ಬಂದರಿನಲ್ಲಿ ಎಂಜಿನಿಯರ್. ಮಗಳು ಮೇಘಾ ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ನನ್ನನ್ನು ಓಟಕ್ಕೆ ಹಚ್ಚಿದವಳು ಪಕ್ಕದ ಮನೆಯ ಹೆಲೆನ್. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು, ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ಹಾಲು ತರಲಿಕ್ಕೂ ಕಾರು ತೆಗೆಯುವ ಈ ಊರಿನಲ್ಲಿ ಅವಳು ಎಲ್ಲಿಗೆ ಬೇಕಾದರೂ ಓಡಿಕೊಂಡೇ ಹೋಗುತ್ತಿದ್ದಳು. ಮೊದಮೊದಲು ಅವಳ ಹಿಂದೆ ಏದುಸಿರು ಬಿಡುತ್ತ, ಇಲ್ಲಿನವರು ಮೌಂಟ್ ಎಂದೇ ಕರೆಯುವ ಕಡಲಂಚಿನ ಗುಡ್ಡದ ಬುಡ ಸುತ್ತಿದೆ. ಆಮೇಲೆ ಪಾಪಮೋವಾ ಗುಡ್ಡಗಳ ಏರು ಹತ್ತಿದೆ. ಕೆಲವು ವರ್ಷಗಳಲ್ಲಿ ಏರಿನಲ್ಲಿ ಅವಳನ್ನು ಹಿಂದೆ ಹಾಕುವಷ್ಟಾದೆ.

ಇಟಲಿಯ ಯೋಜನೆಯೂ ಹೆಲೆನ್‌ಳದ್ದೇ. ಆ ದೇಶದ ನಡುಭಾಗದಲ್ಲಿ ಉಂಬ್ರಿಯಾ ಎಂಬ ಪ್ರಾಂತ್ಯವಿದೆ. ಗುಡ್ಡದ ನೆತ್ತಿಯ ಮೇಲೊಂದು, ಇಳಿಜಾರಿನಲ್ಲೊಂದು ಕಲ್ಲುಕೋಟೆಯ ಹಳೆಯ ಊರು. ಒಂದೂರಿನ ಬಾಗಿಲಿನಿಂದ ಹೊರಟು, ಆಲಿವ್ ತೋಟಗಳ ನಡುವೆ ಏರಿಳಿದು, ಮುಂದಿನೂರಿನ ಬಾಗಿಲಲ್ಲಿ ಓಟ ಮುಗಿಸಬಹುದು. ಹೆಲೆನ್ ನಕ್ಷೆಯನ್ನು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. "ಇಲ್ಲಿಂದ ಇಲ್ಲಿಗೆ, ರೇಣು. ಮಧ್ಯಾಹ್ನದೊಳಗೆ ಮುಗಿಸಿ ಊಟಕ್ಕೆ ಕೂರೋಣ," ಎಂದಳು. ಹಣ್ಣಿನ ಸೀಸನ್ ಮುಗಿದ ಮೇಲೆ, ಸೆಪ್ಟೆಂಬರಿನಲ್ಲಿ ಹೊರಡುವುದೆಂದು ನಿಶ್ಚಯವಾಯಿತು.

ಆ ವರ್ಷದ ಬೇಸಿಗೆಯ ಕೊನೆಗೆ ನನಗೆ ಬಾಯಾರಿಕೆ ಶುರುವಾಯಿತು. ಎಷ್ಟು ಕುಡಿದರೂ ನಾಲಿಗೆ ಅಂಟುತ್ತಿತ್ತು. ಲ್ಯಾಬಿನಿಂದ ಪದೇ ಪದೇ ಎದ್ದು ಹೋಗಬೇಕಾಗುತ್ತಿತ್ತು. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಓಟದ ದೆಸೆಯಿಂದ ಎಂದುಕೊಂಡೆ. ಕೊನೆಗೆ ನಮ್ಮ ಡಾಕ್ಟರ ಬಳಿ ಹೋದೆ. ರಕ್ತಪರೀಕ್ಷೆಯಾಯಿತು. ಮುಂದಿನ ಭೇಟಿಯಲ್ಲಿ ಅವರು ಪರದೆಯನ್ನು ನನ್ನ ಕಡೆ ತಿರುಗಿಸಿ, ಸಕ್ಕರೆ ಕಾಯಿಲೆ, ಟೈಪ್ ಎರಡು ಎಂದರು.

"ನಿಮ್ಮವರಲ್ಲಿ ಇದು ತುಂಬ ಸಾಮಾನ್ಯ," ಎಂದರು. "ಅನ್ನ ಕಡಿಮೆ ಮಾಡಬೇಕು. ಸಿಹಿತಿಂಡಿ ಬಿಡಬೇಕು."

ನಮ್ಮ ಮನೆಯಲ್ಲಿ ಜೋಳದ ರೊಟ್ಟಿಯೇ ಹೆಚ್ಚು, ಅನ್ನ ಒಂದು ಹೊತ್ತು, ಅದೂ ಸ್ವಲ್ಪ ಎಂದೆ. ನಾನು ವಾರವಿಡೀ ಓಡುವವಳು, ತೂಕ ಇಳಿಯುತ್ತಿದೆ ಎಂದೂ ಹೇಳಿದೆ. ಅವರು ತಲೆಯಾಡಿಸುತ್ತ ಟೈಪ್ ಮಾಡಿದರು. "ಒಳ್ಳೆಯದು. ತೂಕ ಇಳಿಯುವುದು ಒಳ್ಳೆಯದೇ. ಇನ್ನಷ್ಟು ಓಡಿ."

ತೆಳ್ಳಗಿನ ಹೆಂಗಸೊಬ್ಬಳು ಎದುರಿಗೆ ಕೂತು, ಕಾರಣವಿಲ್ಲದೆ ಇಳಿದುಹೋಗುತ್ತಿದ್ದೇನೆ ಎಂದರೆ ಅದು ಹೇಗೆ ಒಳ್ಳೆಯದಾಗುತ್ತದೆ? ಆ ಪ್ರಶ್ನೆ ಅಂದು ನನ್ನ ಬಾಯಿಗೆ ಬರಲಿಲ್ಲ. ಮಾತ್ರೆ ತೆಗೆದುಕೊಂಡು ಮನೆಗೆ ಬಂದೆ.

ಸಕ್ಕರೆ ಕಾಯಿಲೆಯವರಿಗೆಂದು ಒಂದು ತರಗತಿ ಇರುತ್ತದೆ, ಅದಕ್ಕೂ ಕಳಿಸಿದರು. ಅಲ್ಲಿ ನಾನೊಬ್ಬಳೇ ಭಾರತೀಯಳು. ಪಾಠ ಹೇಳುವಾಕೆ ಪರದೆಯ ಮೇಲೆ ಜಾಮೂನಿನ ಚಿತ್ರ ಬಂದಾಗ ನನ್ನ ಕಡೆ ನೋಡಿ ಅನುಕಂಪದಿಂದ ನಕ್ಕಳು. ನಾನು ಜಾಮೂನು ತಿಂದು ಎಷ್ಟೋ ಕಾಲವಾಗಿತ್ತು. ಕೈಯೆತ್ತಿ ಹಾಗೆಂದೆ. "ಪರವಾಗಿಲ್ಲ, ಇಲ್ಲಿ ಯಾರೂ ನಿಮ್ಮನ್ನು ಬೈಯುವುದಿಲ್ಲ," ಎಂದಳು. ಉಳಿದವರು ನನ್ನ ಕಡೆ ಮೃದುವಾಗಿ ನೋಡಿದರು. ತಪ್ಪು ಒಪ್ಪಿಕೊಳ್ಳಲು ನಾಚುತ್ತಿರುವ ಮಗುವನ್ನು ಹಾಗೆ ನೋಡುತ್ತಾರೆ.

ಮಾತ್ರೆಯಿಂದ ಸಕ್ಕರೆ ಇಳಿಯಲಿಲ್ಲ. ಡಾಕ್ಟರು ಮಾತ್ರೆ ಹೆಚ್ಚಿಸಿದರು. ನಾನು ಅನ್ನ ಪೂರ್ತಿ ಬಿಟ್ಟೆ, ಆಮೇಲೆ ರೊಟ್ಟಿಯನ್ನೂ ಅರ್ಧ ಮಾಡಿದೆ. ಸಕ್ಕರೆ ಏರಿತು. "ಏನೇನು ತಿಂತೀರಿ, ಪ್ರಾಮಾಣಿಕವಾಗಿ ಹೇಳಿ," ಎಂದರು. ಹೇಳಿದೆ. ಕನ್ನಡಕದ ಮೇಲಿಂದ ನೋಡಿ, "ಇಷ್ಟೇ ತಿಂದರೆ ಈ ಅಂಕಿ ಬರುವುದಿಲ್ಲ," ಎಂದರು.

ಹಣ್ಣಿನ ಸಿಹಿ ಅಳೆದು, ಯಂತ್ರ ಒಂದು ಹೇಳಿ ರುಚಿ ಇನ್ನೊಂದು ಹೇಳಿದರೆ ಎಲ್ಲಿ ತಪ್ಪಿದೆ ಎಂದು ಹುಡುಕುವುದು ನನ್ನ ದಿನದ ಕೆಲಸ. ಹಣ್ಣು ಸುಳ್ಳು ಹೇಳುತ್ತಿದೆ ಎಂದು ನಾನು ಯಾವತ್ತೂ ಬರೆದಿಲ್ಲ. ನನ್ನ ವಿಷಯದಲ್ಲಿ ಮಾತ್ರ ಹುಡುಕುವ ಗೋಜಿಗೇ ಯಾರೂ ಹೋಗಲಿಲ್ಲ.

ಅಮ್ಮ ಫೋನಿನಲ್ಲಿ, "ಗಂಡುಬೀರಿ ಥರ ಓಡಿ ಓಡಿ ಮೈ ಸುಟ್ಕೊಂಡೆ, ನೋಡು," ಎಂದಳು. ಕನ್ನಡ ಸಂಘದ ಊಟದಲ್ಲಿ ಸರೋಜಾ ಆಂಟಿ ನನ್ನ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ನಿಂಗೆ ಬೇಡಮ್ಮ ಇದು, ಶುಗರ್ ಅಲ್ವಾ," ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು. ಅದನ್ನೆಲ್ಲ ನುಂಗಿಕೊಂಡೆ.

ನುಂಗಲು ಆಗದಿದ್ದದ್ದು ಮನೆಯೊಳಗಿನದು. ಒಂದು ಸಂಜೆ ನಾನು ಬಟ್ಟೆ ಮಡಚುತ್ತಿದ್ದಾಗ ಮೇಘಾ ಬಂದು ನಿಂತಳು. "ಮಮ್ಮಿ, ಡ್ಯಾಡ್ ಕೀಪ್ಸ್ ಆಸ್ಕಿಂಗ್ ಮಿ ವಾಟ್ ಯು ಈಟ್," ಎಂದಳು. ಅವಳ ಮುಖ ಸಪ್ಪಗಾಗಿತ್ತು. ಅಪ್ಪನಿಗೆ ಹೇಳಿದರೆ ಅಮ್ಮನಿಗೆ ಮೋಸ, ಹೇಳದಿದ್ದರೆ ಅಮ್ಮ ಸಾಯುತ್ತಾಳೆ ಎಂದು ಆ ಮಗು ಅಂದುಕೊಂಡಿತ್ತು.

ಬಸವರಾಜರನ್ನು ಅಂದೇ ಕೇಳಿದೆ.

"ನಿನ್ನ ಒಳ್ಳೇದಕ್ಕ ಕೇಳೇನಿ," ಎಂದರು. "ಡಾಕ್ಟರ್ ಸುಮ್ಮ ಹೇಳ್ತಾರೇನು? ಅಂಕಿ ಸುಳ್ಳ ಹೇಳ್ತಾವೇನು?"

"ಹಂಗಾದ್ರೆ ನಾನು ಸುಳ್ಳು ಹೇಳ್ತೀನಿ ಅಂತೀರಾ?"

ಅವರು ಉತ್ತರ ಕೊಡಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಮ್ಮ ನಡುವೆ ಜಗಳಗಳಾಗಿದ್ದವು. ಆ ಮೌನದಷ್ಟು ದೊಡ್ಡದು ಯಾವುದೂ ಆಗಿರಲಿಲ್ಲ.

ಸೆಪ್ಟೆಂಬರ್ ಬಂತು. ಇಟಲಿಗೆ ಹೋಗಬಹುದೇ ಎಂದು ಡಾಕ್ಟರನ್ನು ಕೇಳಿದೆ. ಓಟವೇ ಔಷಧ, ಖಂಡಿತ ಹೋಗಿ ಬನ್ನಿ, ಅಲ್ಲಿ ಪಾಸ್ತಾ ಮಾತ್ರ ಮುಟ್ಟಬೇಡಿ ಎಂದು ತಮಾಷೆ ಮಾಡಿದರು.

ಉಂಬ್ರಿಯಾ ಹೆಲೆನ್ ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಮೊದಲ ಓಟ ಅಸ್ಸೀಸಿಯಲ್ಲಿ. ಊರಿನ ಮೇಲ್ಬಾಗಿಲು ದಾಟಿದ್ದೇ ಕಡಿದಾದ ಏರು. ಕಾಡಿನೊಳಗೆ ಹಿಂದಿನ ಸನ್ಯಾಸಿಗಳು ಇದ್ದ ಗುಹೆಗಳವರೆಗೆ ಹಾದಿ ಹೋಗುತ್ತದೆ. ದಟ್ಟ ನೆರಳು, ಕಾಲಡಿಯಲ್ಲಿ ಬಿಳಿ ಜಲ್ಲಿ. ಪಾಪಮೋವಾದಲ್ಲಿ ಕುರಿಗಳ ನಡುವೆ ಹಾಡು ಹೇಳಿಕೊಂಡು ಹತ್ತುತ್ತಿದ್ದಂಥ ಏರು ಅದು. ಅಲ್ಲಿ ನಾನು ತಿರುವಿಗೊಮ್ಮೆ ನಿಂತೆ. ತೊಡೆಗಳಲ್ಲಿ ಕಸುವೇ ಇರಲಿಲ್ಲ. ಹೆಲೆನ್ ಮುಂದೆ ಹೋಗಿ ಹೋಗಿ ಹಿಂದಿರುಗಿ ಬರುತ್ತಿದ್ದಳು.

ಮರುದಿನ ತ್ರೇವಿ ಎಂಬ ಊರಿನ ಕೆಳಗೆ ಆಲಿವ್ ತೋಟಗಳ ನಡುವಿನ ಹಾದಿ. ಬೂದು ಹಸಿರಿನ ಎಲೆಗಳು, ಮೇಲೆ ಜೇನುಗೂಡಿನ ಹಾಗೆ ಗುಡ್ಡಕ್ಕೆ ಅಂಟಿಕೊಂಡ ಊರು. ಬೇರೆ ಸಮಯವಾಗಿದ್ದರೆ ನಾನು ಕುಣಿಯುತ್ತಿದ್ದೆ. ಅಂದು ಸಿಕ್ಕ ನಲ್ಲಿಗಳಿಗೆಲ್ಲ ಬಾಯಿ ಹಚ್ಚಿ ನೀರು ಕುಡಿದೆ. ಸಂಜೆ ಹೋಟೆಲಿನಲ್ಲಿ ಎಲ್ಲರ ಮುಂದೆಯೂ ಪಾಸ್ತಾದ ತಟ್ಟೆಗಳಿದ್ದವು. ನಾನು ಸೊಪ್ಪು ತಿಂದೆ.

"ರೇಣು, ನೀನು ಹಸಿದಿದ್ದೀಯ," ಎಂದಳು ಹೆಲೆನ್.

"ಡಾಕ್ಟರು ಬೇಡ ಅಂದಿದ್ದಾರೆ."

"ನಿನ್ನ ಕೈ ನೋಡಿಕೋ ಒಮ್ಮೆ," ಎಂದು ನನ್ನ ಮಣಿಕಟ್ಟನ್ನು ತನ್ನ ಎರಡು ಬೆರಳಿನಿಂದ ಸುತ್ತಿ ಹಿಡಿದಳು. ಬೆರಳುಗಳು ಕೂಡಿದ ಮೇಲೂ ಜಾಗ ಉಳಿದಿತ್ತು.

ಮೂರನೆಯ ದಿನ ಸ್ಪೆಲ್ಲೋ. ಗುಲಾಬಿ ಕಲ್ಲಿನ ಊರು, ಕಿಟಕಿಗಳಲ್ಲೆಲ್ಲ ಹೂವಿನ ಕುಂಡ. ಅಲ್ಲಿಂದ ಗುಡ್ಡದ ಪಕ್ಕೆಯ ಮೇಲೆ, ರೋಮನ್ನರ ಕಾಲದ ನೀರಿನ ಕಾಲುವೆಯ ಗೋಡೆಯ ಗುಂಟ, ಕೊಲ್ಲೆಪೀನೋ ಎಂಬ ಪುಟ್ಟ ಹಳ್ಳಿಯವರೆಗೆ ಹಾದಿಯಿದೆ. ಅಷ್ಟೇನೂ ಕಠಿಣವಲ್ಲ, ನಾಯಿ ಕರೆದುಕೊಂಡು ಅಜ್ಜಂದಿರು ನಡೆಯುತ್ತಾರೆ. ಅರ್ಧ ದಾರಿಯಲ್ಲಿ ನಾನು ನಿಂತುಬಿಟ್ಟೆ. ಗೋಡೆಗೆ ಕೈಯಾನಿಸಿ ವಾಂತಿ ಮಾಡಿದೆ. ಉಸಿರು ನನ್ನ ಮಾತು ಕೇಳದೆ ತನ್ನಷ್ಟಕ್ಕೆ ಆಳವಾಗಿ, ಜೋರಾಗಿ ಎಳೆಯತೊಡಗಿತು. ನಿಂತರೂ ಕಡಿಮೆಯಾಗಲಿಲ್ಲ, ಕೂತರೂ ಆಗಲಿಲ್ಲ. ಹೆಲೆನ್ ಬಗ್ಗಿ ನನ್ನ ಮುಖದ ಹತ್ತಿರ ಬಂದವಳು, "ನಿನ್ನ ಉಸಿರಿನಲ್ಲಿ ಕೊಳೆತ ಸೇಬಿನ ವಾಸನೆ ಬರುತ್ತಿದೆ," ಎಂದಳು. ಕೂಡಲೇ ಎದ್ದು ಸಹಾಯಕ್ಕಾಗಿ ಕೂಗಿದಳು.

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ನಾಯಿಯೊಂದು ನನ್ನ ಶೂ ಮೂಸಿದ್ದು. ಅದರ ಯಜಮಾನ ಫೋನಿನಲ್ಲಿ ಕೂಗಿ ಕೂಗಿ ಮಾತಾಡಿದ್ದು. ಆಲಿವ್ ಎಲೆಗಳ ನಡುವೆ ಆಕಾಶ. ಮೇಘಾಳ ಜಡೆ ಹಾಕುವವರು ಯಾರು ಎಂಬ ಒಂದೇ ಯೋಚನೆ.

ಕಣಿವೆಯ ಊರಿನ ಆಸ್ಪತ್ರೆಯಲ್ಲಿ ನನಗೆ ಎಚ್ಚರ ಬಂದಾಗ ಎರಡೂ ಕೈಗಳಲ್ಲಿ ಸೂಜಿಗಳಿದ್ದವು. ಹೆಲೆನ್ ಇನ್ನೂ ಓಟದ ಬಟ್ಟೆಯಲ್ಲೇ ಕುರ್ಚಿಯ ಮೇಲೆ ಕೂತಿದ್ದಳು. ಯಾರೋ ಅವಳ ಹೆಗಲಿಗೆ ಕಂಬಳಿ ಹೊದಿಸಿದ್ದರು. ಪಕ್ಕದ ಹಾಸಿಗೆಯ ಮುದುಕಿ ನಾನು ಕಣ್ಣು ಬಿಟ್ಟಿದ್ದು ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು.

ಬಂದ ಡಾಕ್ಟರ್ ನನ್ನ ವಯಸ್ಸಿನ ಹೆಂಗಸು. ಇಂಗ್ಲಿಷ್ ನಿಧಾನವಾಗಿ ಹುಡುಕಿ ಹುಡುಕಿ ಮಾತಾಡುತ್ತಿದ್ದಳು. ಎಷ್ಟು ತೂಕ ಇಳಿಯಿತು, ಯಾವಾಗಿನಿಂದ ಎಂದು ಕೇಳಿದಳು. ಹೇಳಿದೆ. ನಾನೇ ಮುಂದುವರಿದು, ನಿಜವಾಗಿಯೂ ನಾನು ಅನ್ನ ತಿನ್ನುವುದಿಲ್ಲ, ಸಿಹಿ ತಿನ್ನುವುದಿಲ್ಲ, ಬೇಕಾದರೆ ಇವಳನ್ನು ಕೇಳಿ ಎಂದು ಹೆಲೆನ್ ಕಡೆ ಕೈ ತೋರಿಸಿದೆ.

ಡಾಕ್ಟರ್ ನನ್ನ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟಳು. "ನಾನು ಯಾಕೆ ಅವರನ್ನು ಕೇಳಬೇಕು? ನೀವು ಹೇಳಿದಿರಲ್ಲ."

ನಾನು ಅತ್ತೆ. ಸಾಯುವ ಹಂತದಲ್ಲಿದ್ದೆ ಎಂಬುದಕ್ಕಲ್ಲ, ಆ ಮಾತಿಗೆ ಅತ್ತೆ.

ನನ್ನದು ಟೈಪ್ ಎರಡು ಇರಲಾರದು, ಟೈಪ್ ಒಂದು ಎಂದು ಅವಳಿಗೆ ಅನುಮಾನ. ದೇಹ ತನ್ನ ಇನ್ಸುಲಿನ್ ತಯಾರಿಸುವ ಕೋಶಗಳನ್ನು ತಾನೇ ಕೊಂದು, ಇನ್ಸುಲಿನ್ ಇಲ್ಲದೆ ರಕ್ತವೇ ವಿಷವಾಗುವ ಕಾಯಿಲೆ ಅದು. ದೊಡ್ಡವರಾದ ಮೇಲೂ ಬರುತ್ತದೆ, ತಿಂದಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಖಚಿತಪಡಿಸಲು ಒಂದು ರಕ್ತಪರೀಕ್ಷೆ ಸಾಕು. ಇದನ್ನು ಮೊದಲು ಯಾರೂ ಮಾಡಿಸಲಿಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ. ಅವಳು ಇಟಾಲಿಯನ್ನಿನಲ್ಲಿ ಏನೋ ಗೊಣಗಿದಳು. ಅರ್ಥವಾಗಲಿಲ್ಲ, ಆದರೂ ಹಿತವಾಯಿತು. ಬಿಡುಗಡೆಯಾಗುವ ಹೊತ್ತಿಗೆ ಪರೀಕ್ಷೆಯ ಫಲಿತಾಂಶ ಬಂತು. ಅವಳ ಅನುಮಾನ ಸರಿಯಾಗಿತ್ತು.

ಬಸವರಾಜರಿಗೆ ಹೆಲೆನ್ ಫೋನ್ ಹಚ್ಚಿ ನನ್ನ ಕಿವಿಗಿಟ್ಟಳು. ನಾನು ಎಲ್ಲ ಹೇಳಿದೆ.

"ನೀ ಖರೇನ ಹೇಳಿದ್ದಿ," ಎಂದರು.

"ಹೌದು. ಮೊದ್ಲಿಂದ್ಲೂ."

ಟೌರಂಗಾಕ್ಕೆ ಮರಳಿದ ವಾರದಲ್ಲೇ ನಮ್ಮ ಡಾಕ್ಟರ ಭೇಟಿ ಪಡೆದೆ. ಬಸವರಾಜರು ಜೊತೆಗೆ ಬಂದರು. ಕಾಯುವ ಕೋಣೆಯಲ್ಲಿ ಹಳೇ ಪತ್ರಿಕೆ ತಿರುವುತ್ತ, "ಜೋರ ಮಾಡಬ್ಯಾಡ, ಮುಂದ ಇವರ ಕಡೇನ ಬರಬೇಕು," ಎಂದರು.

"ಯಾಕೆ ಇವರ ಹತ್ರನೇ ಬರಬೇಕು?" ಎಂದೆ. ಅವರು ಪತ್ರಿಕೆ ಕೆಳಗಿಟ್ಟರು.

ಡಾಕ್ಟರು ಇಟಲಿಯ ಕಾಗದಗಳನ್ನು ಓದಿದರು. ಅಲ್ಲಿ ಚೆನ್ನಾಗಿ ನೋಡಿಕೊಂಡರು ಅನಿಸುತ್ತದೆ ಎಂದರು. ಇನ್ನು ತಜ್ಞರ ಬಳಿ ಕಳಿಸುವುದಾಗಿ ಹೇಳಿದರು. ಅಷ್ಟಕ್ಕೇ ಭೇಟಿ ಮುಗಿಯಿತೆಂಬಂತೆ ಕೀಬೋರ್ಡಿನ ಕಡೆ ತಿರುಗಿದರು.

"ನಾನು ತಿಂದಿದ್ದನ್ನು ಹೇಳಿದಾಗ ನೀವು ಯಾಕೆ ನಂಬಲಿಲ್ಲ?" ಎಂದು ಕೇಳಿದೆ.

"ನಿಮ್ಮ ಹಿನ್ನೆಲೆಯವರಲ್ಲಿ ಟೈಪ್ ಎರಡು ಅತಿ ಹೆಚ್ಚು. ನಾವು ಸಾಧ್ಯತೆಗಳ ಮೇಲೆ ಹೋಗುತ್ತೇವೆ. ಬಹಳಷ್ಟು ಸಲ ಅದು ಸರಿಯೇ ಆಗಿರುತ್ತದೆ."

"ಸರಿಯಾಗದ ಸಲ ಏನು ಮಾಡುತ್ತೀರಿ?"

ಅವರು ಕನ್ನಡಕ ತೆಗೆದರು. "ನಿಮಗೆ ಬೇಸರವಾಗಿದ್ದರೆ ವಿಷಾದಿಸುತ್ತೇನೆ," ಎಂದರು.

ನನಗೆ ಬೇಸರವಾಗಿರಲಿಲ್ಲ. ನಾನು ಸಾಯುತ್ತಿದ್ದೆ. ಅದನ್ನೇ ಹೇಳಿದೆ. ನನ್ನ ಬಣ್ಣ ನೋಡಿ ನನ್ನ ತಟ್ಟೆಯಲ್ಲಿ ಅನ್ನ ಬಡಿಸಿದವರು ನೀವು, ನಾನು ಉಣ್ಣದ ಆ ಅನ್ನಕ್ಕೆ ನನ್ನ ಗಂಡ ನನ್ನನ್ನು ಅನುಮಾನಿಸಿದರು, ನನ್ನ ಮಗಳು ಹೆದರಿದಳು, ನಾನು ಹಸಿದುಕೊಂಡು ಗುಡ್ಡ ಹತ್ತಿದೆ ಎಂದೆ. ದನಿ ಏರಿಸಲಿಲ್ಲ. ಇಂಗ್ಲಿಷಿನಲ್ಲಿ ಸಿಟ್ಟು ಮಾಡುವುದು ನನಗೆ ಅಷ್ಟು ಬರುವುದಿಲ್ಲ, ಬಂದಷ್ಟರಲ್ಲಿ ಮಾಡಿದೆ. ಆಗ ಬಸವರಾಜರು ಬಾಯಿ ತೆರೆದರು. "ಷಿ ಟೋಲ್ಡ್ ಯು. ಷಿ ಟೋಲ್ಡ್ ಮಿ ಆಲ್ಸೋ," ಎಂದರು.

ಡಾಕ್ಟರು ಕೊನೆಯವರೆಗೂ ತಪ್ಪಾಯಿತು ಎನ್ನಲಿಲ್ಲ. ನಾನು ಬೇರೆ ಕ್ಲಿನಿಕ್ಕಿಗೆ ಹೋದೆ, ಹಳೆಯದರ ಮೇಲೆ ದೂರನ್ನೂ ಕೊಟ್ಟೆ. ಬಂದ ಉತ್ತರದಲ್ಲಿ ನನ್ನ ಪ್ರಕರಣವನ್ನು ಕಲಿಕೆಯ ಅವಕಾಶ ಎಂದು ಕರೆದಿದ್ದರು. ಕಲಿತದ್ದೇನು ಎಂದು ಹೇಳಿರಲಿಲ್ಲ.

ಇನ್ಸುಲಿನ್ ಜೊತೆ ಬದುಕುವುದನ್ನು ಕಲಿಯಲು ಬಹಳ ಸಮಯ ಹಿಡಿಯಿತು. ಊಟಕ್ಕೆ ಮೊದಲು ಚುಚ್ಚಬೇಕು, ಓಟಕ್ಕೆ ಮೊದಲು ಕಡಿಮೆ ಮಾಡಬೇಕು, ಹೆಚ್ಚಾದರೆ ನಡುದಾರಿಯಲ್ಲಿ ಸಕ್ಕರೆ ಕುಸಿದು ಬೆವರು ಕಿತ್ತುಬರುತ್ತದೆ, ಕೂಡಲೇ ಸಿಹಿ ತಿನ್ನಬೇಕು. ಮೌಂಟ್ ಸುತ್ತುವಾಗ ಬೆಂಚಿನ ಮೇಲೆ ಕೂತು ಜೆಲ್ಲಿ ಮಿಠಾಯಿ ಅಗಿಯುತ್ತ ಅತ್ತ ದಿನಗಳಿವೆ. ಇಷ್ಟೆಲ್ಲ ಇದ್ದರೂ ತಟ್ಟೆಗೆ ಅನ್ನ ಬಂತು. ಮೊದಲ ಸಲ ಬಸವರಾಜರೇ ಸಾರು ಮಾಡಿ ಬಡಿಸಿದರು. ಎಷ್ಟು ಬೇಕು ಎಂದು ಕೇಳಿ, ನಾನು ಹೇಳಿದಷ್ಟು ಹಾಕಿ, ಎದುರಿಗೆ ಕೂತರು. "ಮೇಘಾಗ ಹೇಳೇನಿ, ನಂದ ತಪ್ಪು ಅಂತ," ಎಂದರು. ನನಗೂ ಹೇಳಬೇಕಿತ್ತು ಎಂದೆ. ಹೇಳಿದರು. ಅದು ಅಲ್ಲಿಗೇ ಮಾಯವಾಗಲಿಲ್ಲ. ಅಂಕಿ ಏರಿದ ದಿನ ಇವತ್ತಿಗೂ ನಾನು ಅವರ ಮುಖ ನೋಡುತ್ತೇನೆ.

ಎರಡು ವರ್ಷದ ಮೇಲೆ ಹೆಲೆನ್, ನಾನು ಮತ್ತೆ ಉಂಬ್ರಿಯಾಕ್ಕೆ ಹೋದೆವು. ಅಸ್ಸೀಸಿಯಿಂದ ಸುಬಾಸಿಯೋ ಗುಡ್ಡ ಹತ್ತಿ, ಆ ಕಡೆ ಸ್ಪೆಲ್ಲೋಗೆ ಇಳಿಯುವುದೆಂದು ಮಾತಾಗಿತ್ತು. ಕಾಡು ಮುಗಿದ ಮೇಲೆ ಗುಡ್ಡದ ನೆತ್ತಿ ಬರೀ ಹುಲ್ಲು. ಗಾಳಿ ಎಂದರೆ ಗಾಳಿ. ಕುದುರೆಗಳು ಮೇಯುತ್ತಿದ್ದವು. ಅಲ್ಲಿ ಸಕ್ಕರೆ ಇಳಿಯಿತು, ಕೂರಬೇಕಾಯಿತು. ಬಾಳೆಹಣ್ಣು ತಿಂದು ಕಾಯುತ್ತಿದ್ದಾಗ ಕೆಳಗೆ ಆ ಕಾಲುವೆಯ ಗುಡ್ಡ ಕಾಣಿಸಿತು. ಮನಸ್ಸು ಶಾಂತವಾಗುತ್ತದೆ ಎಂದು ಕಾದೆ. ಆಗಲಿಲ್ಲ. ಆ ವರ್ಷ ಈ ಹಾದಿಗಳನ್ನೆಲ್ಲ ನನ್ನಿಂದ ಕಿತ್ತುಕೊಂಡರಲ್ಲ ಎಂದು ನನಗೆ ಹೊಸದಾಗಿ ಸಿಟ್ಟು ಬಂತು. "ಇನ್ನೂ ಕೋಪವಾ?" ಎಂದಳು ಹೆಲೆನ್. ಹೌದೆಂದೆ. "ಸರಿ, ಏಳು. ಅದನ್ನೂ ಇಳಿಜಾರಿಗೆ ಕರೆದುಕೊಂಡು ಬಾ," ಎಂದಳು. ಸ್ಪೆಲ್ಲೋದ ಮೇಲ್ಬಾಗಿಲಿನವರೆಗೂ ಒಂದೇ ಉಸಿರಿನಲ್ಲಿ ಓಡಿದೆವು.

ಅಲ್ಲಿಂದ ಬಂದ ಮೇಲೆ ಕನ್ನಡ ಸಂಘದ ಊಟದಲ್ಲಿ ಇಮ್ತಿಯಾಜ್ ಸಿಕ್ಕ. ವಿಜಯಪುರದ ಹುಡುಗ, ಬಸವರಾಜರ ಜೊತೆ ಬಂದರಿನಲ್ಲಿ ಕೆಲಸ, ಕಡ್ಡಿಯಂತಿದ್ದ. ನಾನು ಎಲ್ಲರೆದುರಿಗೇ ಇನ್ಸುಲಿನ್ ಚುಚ್ಚಿಕೊಂಡು ಹೋಳಿಗೆ ತಿನ್ನುತ್ತಿದ್ದುದನ್ನು ನೋಡಿದವನು, ಆಮೇಲೆ ಕಾರಿನ ಹತ್ತಿರ ಬಂದು ನಿಂತ.

"ಅಕ್ಕಾರ, ನನಗೂ ಶುಗರ್ ಅದ. ಮಾತ್ರೆ ಹತ್ತವಲ್ಲದು. ನಾ ಕದ್ದ ತಿಂತೀನಿ ಅಂತಾರ್ರೀ ನಮ್ಮ ಡಾಕ್ಟರ್."

"ತಿಂತೀಯಾ?"

"ಇಲ್ರೀ."

ಅವನ ಜೊತೆ ಅವನ ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಡಾಕ್ಟರು ಊಟದ ವಿಚಾರ ಎತ್ತುವ ಮೊದಲೇ ನಾನು ಇಟಲಿಯಲ್ಲಿ ನನಗೆ ಮಾಡಿಸಿದ್ದ ರಕ್ತಪರೀಕ್ಷೆಯ ಹೆಸರು ಹೇಳಿ, ಇವನಿಗೂ ಅದನ್ನು ಮಾಡಿಸಿ ಎಂದೆ. ಯಾಕೆ ಎಂದು ಕೇಳಿದರು. ನನ್ನ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಇಮ್ತಿಯಾಜನನ್ನು, ಅವನ ಸಡಿಲ ಅಂಗಿಯನ್ನು ನೋಡಿ, ಬರೆದುಕೊಟ್ಟರು.

ಕೆಲವು ದಿನಗಳ ಮೇಲೆ ಫಲಿತಾಂಶ ಕೇಳಲು ಅವನೊಬ್ಬನೇ ಹೋಗಿ ಬಂದು ನನಗೆ ಫೋನ್ ಮಾಡಿದ. ಅವನದು ನನ್ನ ಕಾಯಿಲೆಯಲ್ಲ. ಟೈಪ್ ಎರಡೇ.

"ನಿಮ್ಮ ಟೈಮ್ ಹಾಳ ಮಾಡಿದ್ನಿ, ಅಕ್ಕಾರ," ಎಂದ.

"ನೀನು ಕದ್ದು ತಿಂದಿರಲಿಲ್ಲ ತಾನೇ?"

"ಇಲ್ರೀ."

"ಮತ್ತೆ ಹಾಳು ಹೇಗಾಯ್ತು? ಡಾಕ್ಟರ್ ಏನಂದ್ರು?"

"ಆ ಮಾತ್ರೆ ನನಗ ಸಾಲಂಗಿಲ್ಲಂತ, ಬ್ಯಾರೆ ಔಷಧ ಕೊಟ್ಟಾರ." ಫೋನಿಡುವ ಮೊದಲು ಅಂದ, "ಈ ಸಲ ಏನ್ ತಿಂದಿ ಅಂತ ಕೇಳಲಿಲ್ರೀ. ಹೆಂಗದೀ ಅಂತ ಕೇಳಿದ್ರು."